ಡಿಸ್ಟ್‌ಫೈಲ್ಸ್ ಸಂಗ್ರಹ

ಡಿಸ್ಟ್‌ಫೈಲ್ಸ್ ಎಂಬುದು ಜೆಂಟೂ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ, ಅಂತರ್ಜಾಲದಿಂದ ಇಳಿಸಿಕೊಂಡ ತಂತ್ರಾಂಶಗಳ ಆಕರ ಕಡತಗಳನ್ನು ಕೂಡಿಡುವ ಕಡತಕೋಶದ ಹೆಸರು. ಅದರಲ್ಲಿರುವ ಒಂದೊಂದು ಕಡತವನ್ನೂ ಡಿಸ್ಟ್‌ಫೈಲ್ ಎಂದೇ ಕರೆಯುವುದು ರೂಢಿ. ಜೆಂಟೂವಿನ ಪ್ಯಾಕೇಜ್ ನಿರ್ವಾಹಕವಾದ ಪೋರ್ಟೇಜ್, ಬಳಕೆದಾರನು ಬೇಡಿದ ತಂತ್ರಾಂಶದ ಆಕರ ಸಂಕೇತವನ್ನು ಮೊದಲು ಈ ಕೋಶಕ್ಕೆ ತಂದಿರಿಸುತ್ತದೆ. ಅದು ಸಾಚಾ ಎಂದು ಪರೀಕ್ಷಿಸಿದ ಬಳಿಕ ಬಿಚ್ಚಿ, ಸಂಕಲಿಸಿ, ಗಣಕದಲ್ಲಿ ಸ್ಥಾಪಿಸುತ್ತದೆ. ಸ್ಥಾಪನೆ ಮುಗಿದರೂ ಆಕರ ಕಡತವು ಕೋಶದಲ್ಲಿಯೇ ಉಳಿಯುತ್ತದೆ. ಹೀಗೆ ಉಳಿದದ್ದನ್ನು ಎಲ್ಲಿಡಬೇಕು, ಯಾವ ಹೆಸರಿನಲ್ಲಿ ಇಡಬೇಕು, ಎಷ್ಟು ಕಾಲ ಇಡಬೇಕು, ಯಾವಾಗ ಅಳಿಸಬೇಕು ಎಂಬ ಪ್ರಶ್ನೆಗಳೇ ಈ ಲೇಖನದ ವಿಷಯ.

ಈ ಲೇಖನದಲ್ಲಿ ಆಜ್ಞೆಗಳನ್ನೂ ಕಡತಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಗಣಕದಲ್ಲಿ ಅವುಗಳನ್ನು ರೋಮನ್ ಲಿಪಿಯಲ್ಲಿಯೇ ಬರೆಯಬೇಕಾಗುತ್ತದೆ.

ಹಿನ್ನೆಲೆ

ಬಹುತೇಕ ಲಿನಕ್ಸ್ ವಿತರಣೆಗಳು ತಂತ್ರಾಂಶಗಳನ್ನು ಮೊದಲೇ ಸಂಕಲಿಸಿ, ಸಿದ್ಧರೂಪದ ಪ್ಯಾಕೇಜುಗಳಾಗಿ ಹಂಚುತ್ತವೆ. ಅಡುಗೆ ಮಾಡಿ ಬಡಿಸುವುದು ಅವುಗಳ ಕ್ರಮ. ಜೆಂಟೂ ಹಾಗಲ್ಲ. ಅದು ಅಡುಗೆಯ ವಿಧಾನವನ್ನು ಮಾತ್ರ ಕಳುಹಿಸುತ್ತದೆ. ದಿನಸಿಯನ್ನು ಎಲ್ಲಿಂದ ತರಬೇಕೆಂಬ ವಿಳಾಸವನ್ನು ಕೊಡುತ್ತದೆ. ಬೇಯಿಸುವ ಕೆಲಸ ಬಳಕೆದಾರನ ಗಣಕದಲ್ಲಿಯೇ ನಡೆಯುತ್ತದೆ. ಈ ವಿಧಾನವನ್ನು ಬರೆದಿಟ್ಟ ಪಠ್ಯಕಡತಕ್ಕೆ ಈಬಿಲ್ಡ್ ಎಂದು ಹೆಸರು. ಸಾವಿರಾರು ಈಬಿಲ್ಡ್‌ಗಳ ಒಟ್ಟು ಭಂಡಾರವನ್ನು ಪೋರ್ಟೇಜ್ ವೃಕ್ಷವೆಂದು ಹೇಳುವುದುಂಟು. ವೃಕ್ಷದಲ್ಲಿ ಆಕರ ಸಂಕೇತ ಇರುವುದಿಲ್ಲ. ಅದನ್ನು ಬೇರೆಯಾಗಿಯೇ ಇಳಿಸಿಕೊಳ್ಳಬೇಕು. ಡಿಸ್ಟ್‌ಫೈಲ್ಸ್ ಕೋಶ ಅಗತ್ಯವಾದದ್ದು ಈ ಕಾರಣದಿಂದ.

ಈ ಕಲ್ಪನೆ ಜೆಂಟೂವಿನದೇ ಅಲ್ಲ. 1994ರಲ್ಲಿ ಜೋರ್ಡನ್ ಹಬ್ಬರ್ಡ್ ಅವರು ಫ್ರೀಬಿಎಸ್‌ಡಿ ವ್ಯವಸ್ಥೆಗಾಗಿ ರೂಪಿಸಿದ ಪೋರ್ಟ್ಸ್ ಎಂಬ ಏರ್ಪಾಟಿನಲ್ಲಿಯೂ ಆಕರ ಕಡತಗಳನ್ನು ಡಿಸ್ಟ್‌ಫೈಲ್ಸ್ ಎಂಬ ಹೆಸರಿನ ಕೋಶದಲ್ಲಿಯೇ ಇರಿಸಲಾಗುತ್ತಿತ್ತು. ಜೆಂಟೂವಿನ ಸ್ಥಾಪಕ ಡೇನಿಯಲ್ ರಾಬಿನ್ಸ್ ಅವರು ಈನಾಕ್ ಎಂಬ ಹೆಸರಿನಿಂದ ತಮ್ಮ ವಿತರಣೆಯನ್ನು ಆರಂಭಿಸಿದ್ದರು. ನಡುವೆ ಕೆಲಕಾಲ ಫ್ರೀಬಿಎಸ್‌ಡಿಯನ್ನು ಬಳಸಿ, ಅಲ್ಲಿನ ಪೋರ್ಟ್ಸ್ ಪದ್ಧತಿಯಿಂದ ಪ್ರೇರಿತರಾಗಿ ಪೋರ್ಟೇಜನ್ನು ಬೆಳೆಸಿದರು. ಪೋರ್ಟೇಜ್ ಎಂಬ ಹೆಸರಿನಲ್ಲಿಯೂ ಆ ಋಣದ ಗುರುತು ಇದೆ. ಜೆಂಟೂ 1.0 ಆವೃತ್ತಿ 2002ರ ಮಾರ್ಚ್ 31ರಂದು ಹೊರಬಂದಿತು. ನೀರಿನಲ್ಲಿ ಅತಿವೇಗವಾಗಿ ಈಜುವ ಒಂದು ಜಾತಿಯ ಪೆಂಗ್ವಿನ್‌ನ ಹೆಸರೇ ಈ ವಿತರಣೆಯ ಹೆಸರು. ಆಕರದಿಂದ ಸಂಕಲಿಸುವ ನಿಧಾನವನ್ನು ಅನುಭವಿಸಿದವರು ಈ ಹೆಸರನ್ನು ಕೇಳಿ ಮುಗುಳ್ನಗುವುದುಂಟು.

ಸಂಗ್ರಹದ ಸ್ಥಳ

ಆರಂಭದ ವರ್ಷಗಳಲ್ಲಿ ಈ ಕೋಶವು ‘/ಯುಎಸ್‌ಆರ್/ಪೋರ್ಟೇಜ್/ಡಿಸ್ಟ್‌ಫೈಲ್ಸ್’ ಎಂಬಲ್ಲಿ, ಎಂದರೆ ಈಬಿಲ್ಡ್ ವೃಕ್ಷದ ಒಳಗೇ ಇತ್ತು. ಇದು ಅಚ್ಚುಕಟ್ಟಾದ ಏರ್ಪಾಟಾಗಿರಲಿಲ್ಲ. ವೃಕ್ಷವನ್ನು ಸರ್ವರ್‌ನೊಂದಿಗೆ ಸರಿಹೊಂದಿಸುವಾಗ, ಸರ್ವರ್‌ನಲ್ಲಿ ಇಲ್ಲದ ಕಡತಗಳನ್ನು ಸ್ಥಳೀಯವಾಗಿ ಅಳಿಸಿಹಾಕುವುದು ಆರ್‌ಸಿಂಕ್ ಕಾರ್ಯಕ್ರಮಕ್ಕೆ ಪೋರ್ಟೇಜ್ ಒಪ್ಪಿಸಿರುವ ಕೆಲಸ. ಆಕರ ಕಡತಗಳು ಸರ್ವರ್‌ನ ವೃಕ್ಷದಲ್ಲಿ ಇರುವುದಿಲ್ಲವಾದ್ದರಿಂದ, ಡಿಸ್ಟ್‌ಫೈಲ್ಸ್ ಕೋಶವನ್ನು ಮುಟ್ಟಬಾರದೆಂದು ಪ್ರತ್ಯೇಕವಾಗಿ ವಿನಾಯಿತಿ ಹೇಳಬೇಕಾಗುತ್ತಿತ್ತು. ಮೇಲಾಗಿ, ‘/ಯುಎಸ್‌ಆರ್’ ಕೋಶವು ಓದಲು ಮಾತ್ರ ತೆರೆದಿರತಕ್ಕ ಸ್ಥಳ. ದಿನದಿನವೂ ಬೆಳೆಯುವ ಸಂಗ್ರಹಕ್ಕೆ ಅದು ತಕ್ಕುದಲ್ಲ.

ಈಗ ಮೂರನ್ನೂ ಬೇರ್ಪಡಿಸಲಾಗಿದೆ. ಈಬಿಲ್ಡ್ ವೃಕ್ಷವು ‘/ವಾರ್/ಡಿಬಿ/ರೆಪೋಸ್/ಜೆಂಟೂ’ ಎಂಬಲ್ಲಿಯೂ, ಆಕರ ಕಡತಗಳು ‘/ವಾರ್/ಕ್ಯಾಶ್/ಡಿಸ್ಟ್‌ಫೈಲ್ಸ್’ ಎಂಬಲ್ಲಿಯೂ, ಸಂಕಲಿತ ಪ್ಯಾಕೇಜುಗಳು ‘/ವಾರ್/ಕ್ಯಾಶ್/ಬಿನ್‌ಪ್ಯಾಕೇಜಸ್’ ಎಂಬ ಅರ್ಥದ ಕೋಶದಲ್ಲಿಯೂ ಇರುತ್ತವೆ. ಹಳೆಯ ಗಣಕಗಳಲ್ಲಿ ಹಳೆಯ ಸ್ಥಳವೇ ಮುಂದುವರಿದಿರಬಹುದು. ಎರಡೂ ಸರಿಯಾಗಿ ಕೆಲಸ ಮಾಡುತ್ತವೆ. ಸ್ಥಳವನ್ನು ನಿರ್ಧರಿಸುವುದು ಡಿಸ್ಟ್‌ಡಿರ್ ಎಂಬ ಚರಾಕ್ಷರ. ಅದರ ಬೆಲೆಯನ್ನು ‘/ಇಟಿಸಿ/ಪೋರ್ಟೇಜ್/ಮೇಕ್.ಕಾನ್ಫ್’ ಎಂಬ ಕಡತದಲ್ಲಿ ಬರೆದರೆ ಸಂಗ್ರಹವನ್ನು ಬೇರೊಂದು ಡಿಸ್ಕಿಗೆ ಸಾಗಿಸಬಹುದು.

ಕ್ಯಾಶ್ ಎಂಬ ಹೆಸರಿನ ಕೋಶದಲ್ಲಿ ಇರುವುದೆಲ್ಲವೂ ಅಳಿಸಿದರೆ ಮತ್ತೆ ದೊರಕಿಸಿಕೊಳ್ಳಬಹುದಾದದ್ದು ಎಂಬುದು ಲಿನಕ್ಸ್ ಲೋಕದ ಸಾಮಾನ್ಯ ತಿಳಿವಳಿಕೆ. ಆಕರ ಕಡತಗಳ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ, ಪೂರ್ತಿಯಾಗಿ ಅಲ್ಲ. ಅಪವಾದಗಳನ್ನು ಮುಂದೆ ಹೇಳಿದೆ.

ಹೆಸರೇ ವಿಳಾಸ

ಡಿಸ್ಟ್‌ಫೈಲ್ಸ್ ಕೋಶವನ್ನು ಮೊದಲ ಸಲ ತೆರೆದು ನೋಡಿದವರಿಗೆ ಅದು ಅವ್ಯವಸ್ಥೆಯ ರಾಶಿಯಂತೆ ಕಾಣುತ್ತದೆ. ಲಿನಕ್ಸ್ ಕರ್ನೆಲ್‌ನ ಆಕರ, ಅಕ್ಷರಶೈಲಿಗಳು, ಬ್ರೌಸರ್, ಚಿಕ್ಕ ಪುಟ್ಟ ತಿದ್ದುಪಡಿ ಕಡತಗಳು ಎಲ್ಲವೂ ಒಂದೇ ಮಟ್ಟದಲ್ಲಿ ಒಂದರ ಪಕ್ಕ ಒಂದು ಬಿದ್ದಿರುತ್ತವೆ. ಈಬಿಲ್ಡ್ ವೃಕ್ಷದಲ್ಲಿ ಪ್ರತಿ ಪ್ಯಾಕೇಜಿಗೂ ಒಂದು ವರ್ಗವಿದೆ; ಆಕರ ಕಡತಗಳಿಗೆ ಮಾತ್ರ ಅಂಥ ವಿಂಗಡಣೆ ಇಲ್ಲ. ಅಚ್ಚುಕಟ್ಟನ್ನು ಬಯಸುವ ಬಳಕೆದಾರರು ಇಲ್ಲಿ ಉಪಕೋಶಗಳನ್ನು ಮಾಡಿ, ಆಟಗಳನ್ನು ಒಂದೆಡೆಗೂ ಅಕ್ಷರಶೈಲಿಗಳನ್ನು ಇನ್ನೊಂದೆಡೆಗೂ ಸರಿಸಿಡುವುದುಂಟು. ಹಾಗೆ ಮಾಡಬಾರದು. ಪೋರ್ಟೇಜ್ ಕಡತವನ್ನು ಅದರ ಪೂರ್ಣ ಹೆಸರಿನಿಂದ ನೇರವಾಗಿ ಹುಡುಕುತ್ತದೆಯೇ ಹೊರತು ಉಪಕೋಶಗಳ ಒಳಗೆ ಇಣುಕುವುದಿಲ್ಲ. ಸರಿಸಿಟ್ಟ ಕಡತ ಅದರ ಪಾಲಿಗೆ ಇಲ್ಲವೇ ಇಲ್ಲ. ಮುಂದಿನ ಸಲ ಅದನ್ನು ಪುನಃ ಇಳಿಸಿಕೊಳ್ಳುತ್ತದೆ.

ಇದನ್ನು ಮುಚ್ಚಿದ ಕಪಾಟಿನ ಗ್ರಂಥಾಲಯಕ್ಕೆ ಹೋಲಿಸಬಹುದು. ಅಲ್ಲಿ ಓದುಗನು ಕಪಾಟಿನ ಬಳಿಗೆ ಹೋಗುವುದಿಲ್ಲ. ಸೂಚಿಯಲ್ಲಿರುವ ಕ್ರಮಾಂಕವನ್ನು ಬರೆದುಕೊಟ್ಟರೆ ಪುಸ್ತಕ ಬರುತ್ತದೆ. ಪೋರ್ಟೇಜ್‌ನಲ್ಲಿ ಸೂಚಿಯ ಸ್ಥಾನದಲ್ಲಿರುವುದು ಪ್ರತಿ ಪ್ಯಾಕೇಜಿನ ಜೊತೆಗಿರುವ ಮ್ಯಾನಿಫೆಸ್ಟ್ ಎಂಬ ಕಡತ. ಅದರಲ್ಲಿ ಒಂದೊಂದು ಆಕರ ಕಡತಕ್ಕೂ ಒಂದು ಸಾಲು ಇದ್ದು, ಹೆಸರು, ಬೈಟ್‌ಗಳಲ್ಲಿ ಗಾತ್ರ, ಎರಡು ಹ್ಯಾಶ್ ಮೌಲ್ಯಗಳು ನಮೂದಾಗಿರುತ್ತವೆ. ವಿಂಗಡಣೆಯ ಭಾರವನ್ನೆಲ್ಲ ಸೂಚಿ ಹೊತ್ತಿರುವುದರಿಂದ ಕಪಾಟು ಸಪಾಟಾಗಿದ್ದರೂ ತೊಂದರೆಯಿಲ್ಲ.

ಆದರೆ ಎಲ್ಲವೂ ಒಂದೇ ಕೋಶದಲ್ಲಿರುವಾಗ ಎರಡು ಕಡತಗಳಿಗೆ ಒಂದೇ ಹೆಸರು ಇರಕೂಡದು. ಮೊದಲು ಇದು ದೊಡ್ಡ ಸಮಸ್ಯೆಯಾಗಿರಲಿಲ್ಲ. ತಂತ್ರಾಂಶದ ಕರ್ತೃಗಳು ತಮ್ಮ ಕಡತಕ್ಕೆ ಹೆಸರನ್ನೂ ಆವೃತ್ತಿಯನ್ನೂ ಸೇರಿಸಿಯೇ ಬಿಡುಗಡೆ ಮಾಡುತ್ತಿದ್ದರು. ಗಿಟ್‌ಹಬ್‌ನಂಥ ತಾಣಗಳು ಬಂದ ಮೇಲೆ, ತಾನೇ ತಾನಾಗಿ ತಯಾರಾಗುವ ಆಕರ ಕಡತಗಳ ವಿಳಾಸದ ಕೊನೆಯಲ್ಲಿ ‘ವಿ1.0.ಟಾರ್.ಜಿಝಡ್’ ಎಂಬಂತೆ ಆವೃತ್ತಿಯಷ್ಟೇ ಉಳಿಯಿತು. ಹತ್ತು ಊರುಗಳಲ್ಲಿ ಹತ್ತು ರಾಮಪ್ಪಂದಿರು ಇದ್ದರೆ ತೊಡಕಿಲ್ಲ. ಹತ್ತೂ ಜನ ಒಂದೇ ತರಗತಿಗೆ ಸೇರಿದರೆ ಹಾಜರಿ ಕೂಗುವುದು ಕಷ್ಟ. 2008ರಲ್ಲಿ ಅಂಗೀಕಾರವಾದ ಈಎಪಿಐ 2 ಎಂಬ ನಿಯಮಾವಳಿಯು ಇದಕ್ಕೆ ಪರಿಹಾರ ಒದಗಿಸಿತು. ಈಬಿಲ್ಡ್‌ನಲ್ಲಿ ಆಕರದ ವಿಳಾಸಗಳನ್ನು ಹೇಳುವ ಎಸ್‌ಆರ್‌ಸಿ-ಯುಆರ್‌ಐ ಎಂಬ ಸಾಲಿನಲ್ಲಿ, ವಿಳಾಸದ ಮುಂದೆ ಒಂದು ಬಾಣದ ಗುರುತನ್ನು ಹಾಕಿ ಹೊಸ ಹೆಸರನ್ನು ಬರೆದರೆ, ಕಡತವು ಆ ಹೆಸರಿನಿಂದಲೇ ಕೋಶದಲ್ಲಿ ಉಳಿಯುತ್ತದೆ. ಬಳಕೆದಾರನು ಇಂಥ ಕಡತವನ್ನು ಬ್ರೌಸರ್‌ನ ಮೂಲಕ ತಾನೇ ಇಳಿಸಿ ಕೋಶಕ್ಕೆ ಹಾಕುವುದಾದರೆ, ಹೆಸರನ್ನೂ ಈಬಿಲ್ಡ್ ಹೇಳಿದಂತೆ ಬದಲಾಯಿಸಬೇಕು. ಕಡತ ಕಣ್ಣೆದುರಿಗಿದ್ದರೂ ಪೋರ್ಟೇಜ್ ಪುನಃ ಇಳಿಸಲು ತೊಡಗಿದರೆ, ಬಹಳ ಸಲ ಇದೇ ಕಾರಣ.

ಇಳಿಸುವಿಕೆ ಮತ್ತು ಪರಿಶೀಲನೆ

ಒಂದು ಪ್ಯಾಕೇಜನ್ನು ಸ್ಥಾಪಿಸಲು ಎಮರ್ಜ್ ಆಜ್ಞೆಯನ್ನು ಕೊಟ್ಟಾಗ, ಪೋರ್ಟೇಜ್ ಮೊದಲು ಡಿಸ್ಟ್‌ಫೈಲ್ಸ್ ಕೋಶದಲ್ಲಿ ಬೇಕಾದ ಕಡತ ಇದೆಯೇ ಎಂದು ನೋಡುತ್ತದೆ. ಇದ್ದರೆ ಅದರ ಗಾತ್ರವನ್ನೂ ಹ್ಯಾಶ್‌ಗಳನ್ನೂ ಮ್ಯಾನಿಫೆಸ್ಟ್‌ಗೆ ತಾಳೆ ಹಾಕುತ್ತದೆ. ಇಲ್ಲದಿದ್ದರೆ ಮೊದಲು ಜೆಂಟೂವಿನ ಮಿರರ್ ತಾಣಗಳಲ್ಲಿಯೂ, ಅಲ್ಲಿ ದೊರೆಯದಿದ್ದರೆ ತಂತ್ರಾಂಶದ ಮೂಲ ತಾಣದಲ್ಲಿಯೂ ಹುಡುಕುತ್ತದೆ. ಇಳಿಸುವ ಕೆಲಸವನ್ನು ಸಾಮಾನ್ಯವಾಗಿ ಡಬ್ಲ್ಯುಗೆಟ್ ಎಂಬ ಕಾರ್ಯಕ್ರಮ ಮಾಡುತ್ತದೆ. ಇಳಿಯುತ್ತಿರುವ ಕಡತದ ಹೆಸರಿನ ಕೊನೆಗೆ ತಾತ್ಕಾಲಿಕ ಬಾಲವೊಂದು ಅಂಟಿಕೊಂಡಿರುತ್ತದೆ. ಪೂರ್ತಿ ಇಳಿದ ಮೇಲೆ ಅದು ಕಳಚುತ್ತದೆ. ವಿದ್ಯುತ್ ಹೋಗಿ ಅರ್ಧಕ್ಕೆ ನಿಂತರೆ, ಉಳಿದ ಭಾಗವನ್ನು ಮುಂದುವರಿಸಿ ಇಳಿಸುವ ಸೌಲಭ್ಯವೂ ಇದೆ.

ತಾಳೆಯಾಗದ ಕಡತವನ್ನು ಪೋರ್ಟೇಜ್ ಸುಮ್ಮನೆ ಅಳಿಸಿಬಿಡುವುದಿಲ್ಲ. ಹ್ಯಾಶ್ ವಿಫಲವಾಯಿತೆಂದು ಸೂಚಿಸುವ ಮಾತನ್ನು ಹೆಸರಿಗೆ ಸೇರಿಸಿ ಪಕ್ಕಕ್ಕಿಡುತ್ತದೆ ಮತ್ತು ಬೇರೊಂದು ತಾಣದಿಂದ ತರಲು ಯತ್ನಿಸುತ್ತದೆ. ಏನು ಕೆಟ್ಟಿತೆಂದು ನೋಡಬಯಸುವವರಿಗೆ ಈ ಕಡತ ಉಪಯುಕ್ತ. ಅದನ್ನು ತೆರೆದಾಗ, ಆಕರ ಸಂಕೇತದ ಬದಲಿಗೆ ಯಾವುದೋ ಜಾಲದ ಲಾಗಿನ್ ಪುಟ ಇಳಿದಿರುವುದು ಕಂಡುಬರುವುದುಂಟು. ಹಾಸ್ಟೆಲುಗಳ ಮತ್ತು ಕಚೇರಿಗಳ ಜಾಲದಲ್ಲಿ ಇಂಥದು ಅಪರೂಪವಲ್ಲ. ತಾಳೆಯಾಗದಿದ್ದಾಗ ಮ್ಯಾನಿಫೆಸ್ಟನ್ನೇ ಹೊಸದಾಗಿ ಬರೆಸಿ ಮುಂದುವರಿಯುವ ಒಂದು ಅಡ್ಡದಾರಿಯೂ ಇದೆ. ಸ್ವಂತ ಈಬಿಲ್ಡ್ ಬರೆಯುವವರಿಗೆ ಅದು ಅಗತ್ಯವಾದ ಆಜ್ಞೆ. ಉಳಿದವರು ಅದನ್ನು ಬಳಸುವುದೆಂದರೆ ಬೀಗ ತೆರೆಯಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತೆ.

ಹ್ಯಾಶ್ ವಿಧಾನಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. ಮೊದಲು ಎಂಡಿ5 ಬಳಕೆಯಲ್ಲಿತ್ತು. ಒಂದೇ ಎಂಡಿ5 ಮೌಲ್ಯ ಬರುವಂತೆ ಎರಡು ಬೇರೆ ಕಡತಗಳನ್ನು ರಚಿಸಲು ಸಾಧ್ಯವೆಂದು ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ ಮೇಲೆ ಅದರ ಮೇಲಿನ ವಿಶ್ವಾಸ ಕುಸಿಯಿತು. 2017ರಲ್ಲಿ ಜೆಂಟೂ ಬ್ಲೇಕ್2ಬಿ ಮತ್ತು ಎಸ್‌ಎಚ್‌ಎ512 ಎಂಬ ಜೋಡಿಯನ್ನು ಆರಿಸಿಕೊಂಡಿತು. ಮ್ಯಾನಿಫೆಸ್ಟ್ ಕಡತಗಳನ್ನೇ ಯಾರಾದರೂ ತಿದ್ದಿದರೆ ಎಂಬ ಶಂಕೆಗೆ ಉತ್ತರವಾಗಿ, ಇಡೀ ವೃಕ್ಷಕ್ಕೆ ಅಂಕಿತ ಹಾಕಿ ಪರಿಶೀಲಿಸುವ ಪದ್ಧತಿಯೂ ಬಂದಿದೆ.

ಸಂಕಲನ ನಡೆಯುವಾಗ ಈಬಿಲ್ಡ್‌ಗೆ ಇಡೀ ಸಂಗ್ರಹ ಕಾಣಿಸುವುದಿಲ್ಲ. ಪೋರ್ಟೇಜ್ ತಾತ್ಕಾಲಿಕ ಕೆಲಸದ ಸ್ಥಳದಲ್ಲಿ ಒಂದು ಸಣ್ಣ ಕೋಶವನ್ನು ಮಾಡಿ, ಆ ಪ್ಯಾಕೇಜಿಗೆ ಬೇಕಾದ ಕಡತಗಳಿಗೆ ಮಾತ್ರ ಸಾಂಕೇತಿಕ ಕೊಂಡಿಗಳನ್ನು ಹಾಕಿಕೊಡುತ್ತದೆ. ಹೀಗಾಗಿ ಒಂದು ಈಬಿಲ್ಡ್ ತಾನು ಹೇಳದೆ ಬಿಟ್ಟ ಕಡತವನ್ನು ಕದ್ದು ಬಳಸುವ ಸಂಭವ ಕಡಿಮೆ. ಬಿಚ್ಚಿದ ಆಕರಗಳು ಇರುವುದು ‘/ವಾರ್/ಟಿಎಂಪಿ/ಪೋರ್ಟೇಜ್’ ಎಂಬಲ್ಲಿ. ಸ್ಥಾಪನೆ ಯಶಸ್ವಿಯಾದರೆ ಅವು ಅಳಿದುಹೋಗುತ್ತವೆ, ವಿಫಲವಾದರೆ ಅಲ್ಲಿಯೇ ಉಳಿಯುತ್ತವೆ. ಡಿಸ್ಕ್ ತುಂಬಿತೆಂದು ಡಿಸ್ಟ್‌ಫೈಲ್ಸ್ ಕೋಶವನ್ನು ಬರಿದುಮಾಡುವ ಮೊದಲು ಇಲ್ಲಿ ನೋಡುವುದು ಒಳಿತು.

ಮಿರರ್ ತಾಣಗಳಲ್ಲಿನ ಮರುಜೋಡಣೆ

ಒಬ್ಬ ಬಳಕೆದಾರನ ಗಣಕದಲ್ಲಿ ಕೆಲವು ನೂರು ಅಥವಾ ಕೆಲವು ಸಾವಿರ ಕಡತಗಳಿರಬಹುದು. ಮಿರರ್ ತಾಣಗಳಲ್ಲಿ ಇರುವುದು ಎಲ್ಲ ಪ್ಯಾಕೇಜುಗಳ ಎಲ್ಲ ಆಕರಗಳು. ಹತ್ತಾರು ಸಾವಿರ ಕಡತಗಳು. ಅವೆಲ್ಲ ಒಂದೇ ಕೋಶದಲ್ಲಿದ್ದಾಗ ಅದರ ಪಟ್ಟಿಯ ಪುಟವನ್ನು ತೆರೆಯುವುದೇ ಪ್ರಯಾಸವಾಗಿತ್ತು. ಅದಕ್ಕಾಗಿ 2018ರಲ್ಲಿ ಗ್ಲೆಪ್ 75 ಎಂಬ ಪ್ರಸ್ತಾವ ಬಂದಿತು. ಗ್ಲೆಪ್ ಎಂದರೆ ಜೆಂಟೂ ಲಿನಕ್ಸ್ ಸುಧಾರಣಾ ಪ್ರಸ್ತಾವ.

ಹಂಚುವುದು ಹೇಗೆ ಎಂಬುದೇ ಇಲ್ಲಿನ ಸ್ವಾರಸ್ಯ. ಹೆಸರಿನ ಮೊದಲ ಅಕ್ಷರದಂತೆ ವಿಂಗಡಿಸುವುದು ಯಾರಿಗೂ ಹೊಳೆಯುವ ಉಪಾಯ. ಡೆಬಿಯನ್ ವಿತರಣೆಯ ಭಂಡಾರ ಇರುವುದು ಹಾಗೆಯೇ. ಆದರೆ ‘ಲಿಬ್’ ಎಂದು ಆರಂಭವಾಗುವ ಹೆಸರುಗಳು ಅತಿಯಾದ್ದರಿಂದ ಡೆಬಿಯನ್ ಅವುಗಳಿಗೆ ನಾಲ್ಕನೆಯ ಅಕ್ಷರದ ಮೇರೆಗೆ ಬೇರೆ ವಿಭಾಗ ಮಾಡಬೇಕಾಯಿತು. ಜೆಂಟೂವಿನಲ್ಲಿ ಅಕ್ಷರಜೋಡಣೆಯ ಟೆಕ್‌ಲೈವ್ ಸಂಗ್ರಹವೊಂದೇ ಸಾವಿರಾರು ಕಡತಗಳಾಗಿ ಒಡೆದಿದ್ದು, ಆಗ ಅವುಗಳ ಹೆಸರು ‘ಟೆಕ್‌ಲೈವ್-ಮಾಡ್ಯೂಲ್’ ಎಂದೇ ಆರಂಭವಾಗುತ್ತಿತ್ತು. ಮೊದಲ ಅಕ್ಷರವನ್ನು ನಂಬಿದರೆ ಒಂದು ಕೋಣೆ ಕಿಕ್ಕಿರಿದು ಇನ್ನೊಂದು ಖಾಲಿ ಬೀಳುತ್ತದೆ.

ಆದ್ದರಿಂದ ಆರಿಸಿಕೊಂಡದ್ದು ಹೆಸರಿನ ಹ್ಯಾಶ್. ಕಡತದ ಒಳಗಿನ ವಿಷಯದ ಹ್ಯಾಶ್ ಅಲ್ಲ, ಹೆಸರಿನ ಅಕ್ಷರಗಳಿಗೆ ಬ್ಲೇಕ್2ಬಿ ವಿಧಾನವನ್ನು ಅನ್ವಯಿಸಿ ಪಡೆದ ಮೌಲ್ಯ. ಅದರ ಮೊದಲ 8 ಬಿಟ್‌ಗಳನ್ನು, ಎಂದರೆ ಹದಿನಾರರ ಪದ್ಧತಿಯಲ್ಲಿ ಮೊದಲ ಎರಡು ಅಂಕಿಗಳನ್ನು, ತೆಗೆದುಕೊಂಡರೆ 256 ಉಪಕೋಶಗಳು ಆಗುತ್ತವೆ. ಹ್ಯಾಶ್‌ನ ಸ್ವಭಾವವೇ ಚದುರಿಸುವುದಾದ್ದರಿಂದ, ಒಂದೇ ಬಗೆಯ ಹೆಸರುಗಳೂ ಬೇರೆ ಬೇರೆ ಕೋಶಗಳಿಗೆ ಸರಿಸುಮಾರು ಸಮನಾಗಿ ಹಂಚಿಹೋಗುತ್ತವೆ. ಹೆಸರು ಗೊತ್ತಿದ್ದರೆ ಸಾಕು, ಕೋಶವನ್ನು ಲೆಕ್ಕಹಾಕಿ ತಿಳಿಯಬಹುದು. ಮನುಷ್ಯನ ಕಣ್ಣಿಗೆ ಈ ಜೋಡಣೆಯಲ್ಲಿ ಯಾವ ಅರ್ಥವೂ ಕಾಣದು. ಯಂತ್ರಕ್ಕೆ ಇದಕ್ಕಿಂತ ಸುಲಭವಾದುದು ಇಲ್ಲ.

ಯಾವ ತಾಣ ಯಾವ ಜೋಡಣೆಯನ್ನು ಅನುಸರಿಸುತ್ತದೆ ಎಂಬುದನ್ನು ಆ ತಾಣದಲ್ಲಿನ ‘ಲೇಔಟ್.ಕಾನ್ಫ್’ ಎಂಬ ಕಡತ ಹೇಳುತ್ತದೆ. ಪೋರ್ಟೇಜ್ ಮೊದಲು ಅದನ್ನು ಓದಿ, ತಿಳಿದುಕೊಂಡದ್ದನ್ನು ಡಿಸ್ಟ್‌ಫೈಲ್ಸ್ ಕೋಶದಲ್ಲಿ ಒಂದು ಗುಪ್ತ ಕಡತವಾಗಿ ಬರೆದಿಟ್ಟುಕೊಳ್ಳುತ್ತದೆ. ಬಳಕೆದಾರನ ಗಣಕದಲ್ಲಿನ ಸಂಗ್ರಹ ಮಾತ್ರ ಹಿಂದಿನಂತೆಯೇ ಸಪಾಟಾಗಿ ಉಳಿದಿದೆ.

ಮಿತವ್ಯಯ: ಏಕೆ ಉಳಿಸಿಕೊಳ್ಳಬೇಕು

ಸ್ಥಾಪನೆ ಮುಗಿದ ಮೇಲೂ ಆಕರ ಕಡತವನ್ನು ಇಟ್ಟುಕೊಳ್ಳುವುದೇಕೆ ಎಂಬ ಪ್ರಶ್ನೆ ಸಹಜ. ಜೆಂಟೂವಿನಲ್ಲಿ ಒಂದೇ ಆವೃತ್ತಿಯನ್ನು ಹಲವು ಸಲ ಸಂಕಲಿಸಬೇಕಾಗುವುದು ಮೊದಲ ಕಾರಣ. ಯೂಸ್ ಎಂಬ ಆಯ್ಕೆಗಳನ್ನು ಬದಲಾಯಿಸಿದಾಗ, ಅವಲಂಬಿತ ಗ್ರಂಥಾಲಯಗಳು ಬದಲಾದಾಗ, ಸಂಕಲಕವೇ ಹೊಸದಾದಾಗ ಪ್ಯಾಕೇಜನ್ನು ಮತ್ತೆ ಕಟ್ಟಬೇಕು. ಈಬಿಲ್ಡ್‌ನಲ್ಲಿ ಸಣ್ಣ ತಿದ್ದುಪಡಿಯಾಗಿ ಪರಿಷ್ಕರಣ ಸಂಖ್ಯೆಯಷ್ಟೇ ಏರಿದಾಗ ಆಕರ ಕಡತ ಸಾಮಾನ್ಯವಾಗಿ ಅದೇ ಇರುತ್ತದೆ.

ಕರ್ನೆಲ್‌ನ ಉದಾಹರಣೆ ಇನ್ನೂ ಸ್ಪಷ್ಟ. ಜೆಂಟೂ-ಸೋರ್ಸಸ್ ಎಂಬ ಪ್ಯಾಕೇಜಿನ 6.6 ಸರಣಿಯ ಯಾವುದೇ ಬಿಡುಗಡೆಗೂ ಮೂಲ 6.6ರ ಆಕರ ಕಡತವೊಂದೇ ಸಾಕು. ಅದರ ಗಾತ್ರ 130 ಮೆಗಾಬೈಟ್‌ಗಿಂತ ಹೆಚ್ಚು. ಅದರ ಮೇಲೆ ಆಯಾ ಬಿಡುಗಡೆಯ ತಿದ್ದುಪಡಿಗಳು ಜೆನ್‌ಪ್ಯಾಚಸ್ ಎಂಬ ಹೆಸರಿನ ಚಿಕ್ಕ ಕಡತಗಳಾಗಿ ಬರುತ್ತವೆ. ಮೂಲ ಕಡತವನ್ನು ಉಳಿಸಿಕೊಂಡವನು ಪ್ರತಿ ನವೀಕರಣಕ್ಕೂ ಚಿಕ್ಕದನ್ನಷ್ಟೇ ಇಳಿಸುತ್ತಾನೆ. ಪ್ರತಿಸಲವೂ ಕೋಶವನ್ನು ಗುಡಿಸುವವನು ದೊಡ್ಡದನ್ನೂ ಮತ್ತೆ ಮತ್ತೆ ಇಳಿಸುತ್ತಾನೆ.

ಒಂದೇ ಪ್ಯಾಕೇಜಿಗೆ ಹಲವು ಆಕರ ಕಡತಗಳು ಇರುವುದು ಈಗ ಸಾಮಾನ್ಯ. ರಸ್ಟ್ ಭಾಷೆಯಲ್ಲಿ ಬರೆದ ತಂತ್ರಾಂಶಕ್ಕೆ ಅದು ಅವಲಂಬಿಸಿರುವ ಒಂದೊಂದು ಕ್ರೇಟ್ ಕೂಡ ಬೇರೆ ಕಡತವಾಗಿ ಇಳಿಯಬಹುದು. ಇಂಥವು ನೂರಾರು ಆಗುವುದುಂಟು. ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಪ್ರತಿ ಭಾಷೆಯ ಅನುವಾದವೂ ಪ್ರತ್ಯೇಕ ಕಡತ. ಎಲ್10ಎನ್ ಎಂಬ ಚರಾಕ್ಷರದಲ್ಲಿ ಕನ್ನಡದ ಸಂಕೇತವಾದ ‘ಕೆಎನ್’ ಅನ್ನು ಬರೆದವರ ಗಣಕಕ್ಕೆ ಕನ್ನಡದ ಭಾಷಾಕಡತವೂ ಇಳಿಯುತ್ತದೆ. ಬರೆಯದವರ ಗಣಕಕ್ಕೆ ಇಳಿಯುವುದಿಲ್ಲ. ಹೀಗೆ ಸಂಗ್ರಹದಲ್ಲಿ ಏನಿದೆ ಎಂಬುದು ಬಳಕೆದಾರನ ಆಯ್ಕೆಗಳ ಪ್ರತಿಬಿಂಬವೂ ಹೌದು. ಆಯ್ಕೆಗಳನ್ನು ಲೆಕ್ಕಿಸದೆ ಎಲ್ಲವನ್ನೂ ಇಳಿಸುವ ಆಜ್ಞೆಯೂ ಇದೆ. ಎಲ್ಲ ಭಾಷೆಗಳ ಕಡತಗಳನ್ನು ತಂದು ಸುರಿಯುವ ಅದನ್ನು ಮಿರರ್ ನಡೆಸುವವರಷ್ಟೇ ಬಳಸುವುದು ಲೇಸು.

ಅಂತರ್ಜಾಲ ನಿಧಾನವಾಗಿರುವ ಕಡೆ ಪೋರ್ಟೇಜ್‌ನ ಇನ್ನೊಂದು ಗುಣ ಬಹಳ ಸಹಾಯಕ. ಇಳಿಸುವುದು ಮಾತ್ರ, ಸ್ಥಾಪಿಸುವುದು ಬೇಡ ಎಂದು ಎಮರ್ಜ್ ಆಜ್ಞೆಗೆ ಹೇಳಬಹುದು. ಅದರ ಜೊತೆಗೆ ‘ತೋರಿಸಿದರೆ ಸಾಕು’ ಎಂಬ ಆಯ್ಕೆಯನ್ನೂ ಸೇರಿಸಿದರೆ, ಬೇಕಾದ ಕಡತಗಳ ವಿಳಾಸಗಳು ಪಟ್ಟಿಯಾಗಿ ಬರುತ್ತವೆ. ಈ ಪಟ್ಟಿಯನ್ನು ಉತ್ತಮ ಸಂಪರ್ಕವಿರುವ ಕಡೆಗೆ ಒಯ್ದು, ಕಡತಗಳನ್ನು ಪೆನ್‌ಡ್ರೈವ್‌ಗೆ ಇಳಿಸಿ ತಂದು, ಡಿಸ್ಟ್‌ಫೈಲ್ಸ್ ಕೋಶಕ್ಕೆ ಹಾಕಿದರೆ ಪೋರ್ಟೇಜ್ ಅವನ್ನು ತಾನೇ ಇಳಿಸಿದಂತೆ ಸ್ವೀಕರಿಸುತ್ತದೆ. ತಂದವರು ಯಾರು, ತಂದದ್ದು ಎಲ್ಲಿಂದ ಎಂಬುದು ಅದಕ್ಕೆ ಮುಖ್ಯವಲ್ಲ. ಹ್ಯಾಶ್ ತಾಳೆಯಾಗಬೇಕು, ಅಷ್ಟೆ. ಕಡತಗಳನ್ನು ಓದುವ ಅನುಮತಿ ಪೋರ್ಟೇಜ್ ಬಳಕೆದಾರ ಖಾತೆಗೂ ಇರುವಂತೆ ನೋಡಿಕೊಳ್ಳಬೇಕು.

ಒಂದೇ ಮನೆಯಲ್ಲಿ ಅಥವಾ ಪ್ರಯೋಗಾಲಯದಲ್ಲಿ ಹಲವು ಜೆಂಟೂ ಗಣಕಗಳಿದ್ದರೆ, ಒಂದೇ ಸಂಗ್ರಹವನ್ನು ಜಾಲದ ಮೂಲಕ ಎಲ್ಲಕ್ಕೂ ಹಂಚಬಹುದು. ಎರಡು ಗಣಕಗಳು ಏಕಕಾಲಕ್ಕೆ ಒಂದೇ ಕಡತವನ್ನು ಇಳಿಸಿ ಗೋಜಲಾಗದಂತೆ ಬೀಗ ಹಾಕುವ ಡಿಸ್ಟ್‌ಲಾಕ್ಸ್ ಎಂಬ ವ್ಯವಸ್ಥೆ ಪೋರ್ಟೇಜ್‌ನಲ್ಲಿದೆ. ಹಳೆಯ ಡಿಸ್ಕೊಂದರಲ್ಲಿ ಸಂಗ್ರಹವಿದ್ದು ಅದನ್ನು ತಿದ್ದುವ ಇಚ್ಛೆ ಇಲ್ಲದಿದ್ದರೆ, ಪೋರ್ಟೇಜ್-ಆರ್‌ಒ-ಡಿಸ್ಟ್‌ಡಿರ್ಸ್ ಎಂಬ ಚರಾಕ್ಷರದಲ್ಲಿ ಆ ಕೋಶದ ಹೆಸರನ್ನು ಬರೆಯಬೇಕು. ಪೋರ್ಟೇಜ್ ಅಲ್ಲಿಂದ ಓದಿ, ಮುಖ್ಯ ಕೋಶದಲ್ಲಿ ಕೊಂಡಿಯನ್ನಷ್ಟೇ ಹಾಕುತ್ತದೆ. ಸಂಗ್ರಹವನ್ನು ಹಲವು ಕೋಶಗಳಾಗಿ ವಿಂಗಡಿಸಲೇಬೇಕೆಂದು ಹಟವುಳ್ಳವರಿಗೂ ಇದೇ ಸರಿಯಾದ ದಾರಿ.

2023ರ ಡಿಸೆಂಬರ್ ಕೊನೆಯಲ್ಲಿ ಜೆಂಟೂ ಸಂಕಲಿತ ಪ್ಯಾಕೇಜುಗಳನ್ನೂ ಅಧಿಕೃತವಾಗಿ ವ್ಯಾಪಕವಾಗಿ ಹಂಚತೊಡಗಿತು. ಅವುಗಳನ್ನು ಬಳಸುವವರಿಗೆ ಆ ಪ್ಯಾಕೇಜುಗಳ ಆಕರ ಕಡತಗಳು ಇಳಿಯುವುದಿಲ್ಲ.

ಶುಚಿಗೊಳಿಸುವಿಕೆ

ಪೋರ್ಟೇಜ್ ತಾನಾಗಿ ಏನನ್ನೂ ಅಳಿಸದಿರುವುದರಿಂದ ಕೋಶವು ವರ್ಷಗಳಲ್ಲಿ ಹತ್ತಾರು ಗಿಗಾಬೈಟ್‌ಗಳಿಗೆ ಬೆಳೆಯಬಹುದು. ಶುಚಿಗೊಳಿಸಲು ಜೆಂಟೂಲ್‌ಕಿಟ್ ಎಂಬ ಪ್ಯಾಕೇಜಿನಲ್ಲಿರುವ ಈಕ್ಲೀನ್-ಡಿಸ್ಟ್ ಎಂಬ ಸಾಧನವನ್ನು ಬಳಸಲಾಗುತ್ತದೆ. ಸಾಮಾನ್ಯ ರೀತಿಯಲ್ಲಿ ನಡೆಸಿದರೆ ಅದು ಉದಾರವಾಗಿ ವರ್ತಿಸುತ್ತದೆ. ವೃಕ್ಷದಲ್ಲಿ ಈಗಲೂ ಇರುವ ಯಾವುದೇ ಈಬಿಲ್ಡ್‌ಗೆ ಬೇಕಾಗಬಹುದಾದ ಕಡತವನ್ನು ಉಳಿಸಿ, ಯಾರಿಗೂ ಬೇಡವಾದದ್ದನ್ನು ಮಾತ್ರ ತೆಗೆಯುತ್ತದೆ. ‘ಡೀಪ್’ ಎಂಬ ಆಯ್ಕೆಯನ್ನು ಕೊಟ್ಟರೆ, ಈ ಗಣಕದಲ್ಲಿ ಸದ್ಯ ಸ್ಥಾಪಿತವಾಗಿರುವ ಆವೃತ್ತಿಗಳಿಗೆ ಬೇಕಾದದ್ದನ್ನಷ್ಟೇ ಉಳಿಸುತ್ತದೆ. ಇತ್ತೀಚಿನ ಕಡತಗಳನ್ನು ಅಥವಾ ನಿರ್ದಿಷ್ಟ ಗಾತ್ರಕ್ಕಿಂತ ದೊಡ್ಡ ಕಡತಗಳನ್ನು ಮುಟ್ಟಬೇಡ ಎಂದು ಹೇಳುವ ಆಯ್ಕೆಗಳೂ ಇವೆ. ದೊಡ್ಡದನ್ನು ಉಳಿಸಿ ಚಿಕ್ಕದನ್ನು ಅಳಿಸುವುದು ವಿಚಿತ್ರವೆನಿಸಬಹುದು. ಇಳಿಸಲು ರಾತ್ರಿಯಿಡೀ ಕಾಯುವವರಿಗೆ ಅದರ ಬೆಲೆ ಗೊತ್ತು. ಏನು ಅಳಿಯುತ್ತದೆಂದು ಮೊದಲು ತೋರಿಸುವಂತೆ ಕೇಳಿ, ಪಟ್ಟಿಯನ್ನು ಓದಿ, ಬಳಿಕ ನಿಜವಾದ ಆಜ್ಞೆಯನ್ನು ಕೊಡುವುದು ಉತ್ತಮ ಅಭ್ಯಾಸ.

ಹಲವು ಗಣಕಗಳು ಒಂದೇ ಸಂಗ್ರಹವನ್ನು ಹಂಚಿಕೊಂಡಿದ್ದರೆ ‘ಡೀಪ್’ ಆಯ್ಕೆ ಅಪಾಯಕಾರಿ. ಅದನ್ನು ನಡೆಸಿದ ಗಣಕಕ್ಕೆ ತನ್ನಲ್ಲಿ ಏನು ಸ್ಥಾಪಿತವಾಗಿದೆ ಎಂಬುದು ಮಾತ್ರ ತಿಳಿದಿರುತ್ತದೆ. ಉಳಿದ ಗಣಕಗಳ ಅಗತ್ಯ ಅದರ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಎಚ್ಚರಿಕೆ ಮೇಲೆ ಹೇಳಿದ ಅಪವಾದಗಳಿಗೆ ಸಂಬಂಧಿಸಿದ್ದು. ಕೆಲವು ಆಕರಗಳನ್ನು ಪರವಾನಗಿಯ ಕಾರಣದಿಂದ ಪೋರ್ಟೇಜ್ ತಾನೇ ಇಳಿಸುವಂತಿಲ್ಲ, ಮಿರರ್‌ಗಳೂ ಇಟ್ಟುಕೊಳ್ಳುವಂತಿಲ್ಲ. ಬಳಕೆದಾರನು ತಯಾರಕರ ತಾಣಕ್ಕೆ ಹೋಗಿ, ಷರತ್ತುಗಳನ್ನು ಒಪ್ಪಿ, ಕಡತವನ್ನು ಕೈಯಾರೆ ತಂದು ಕೋಶದಲ್ಲಿ ಇಡಬೇಕು. ಒಂದು ಕಾಲದಲ್ಲಿ ಒರಾಕಲ್ ಸಂಸ್ಥೆಯ ಜಾವಾ ಹೀಗೆ ದೊರೆಯುತ್ತಿತ್ತು. ಇಂಥ ಕಡತ ಅಳಿದುಹೋದ ಮೇಲೆ ತಯಾರಕರು ಹಳೆಯ ಆವೃತ್ತಿಯನ್ನು ಹಿಂತೆಗೆದುಕೊಂಡಿದ್ದರೆ ಅದು ಮತ್ತೆ ಸಿಗದು. ಈಕ್ಲೀನ್ ಸಾಧನದಲ್ಲಿ ಇಂಥವನ್ನು ರಕ್ಷಿಸುವ ಪ್ರತ್ಯೇಕ ಆಯ್ಕೆ ಇದೆ. ಹೆಸರುಗಳನ್ನು ವಿನಾಯಿತಿ ಪಟ್ಟಿಯೊಂದರಲ್ಲಿ ಬರೆದಿಡಲೂಬಹುದು. ಗಿಟ್‌ನಿಂದ ನೇರವಾಗಿ ಬರುವ, 9999 ಎಂಬ ಆವೃತ್ತಿ ಸಂಖ್ಯೆಯ ಪ್ಯಾಕೇಜುಗಳ ಪ್ರತಿಗಳು ‘ಗಿಟ್3-ಎಸ್‌ಆರ್‌ಸಿ’ ಎಂಬ ಉಪಕೋಶದಲ್ಲಿರುತ್ತವೆ. ಅವುಗಳಿಗೆ ಮ್ಯಾನಿಫೆಸ್ಟ್‌ನಲ್ಲಿ ನಮೂದು ಇರುವುದಿಲ್ಲ.

ಸಾಚಾತನದ ಮಿತಿ

ಸಂಗ್ರಹದಲ್ಲಿನ ಕಡತ ಮ್ಯಾನಿಫೆಸ್ಟ್‌ಗೆ ತಾಳೆಯಾಯಿತು ಎಂದರೆ, ಈಬಿಲ್ಡ್ ಬರೆದವರು ಕಂಡ ಕಡತವೂ ಇದೂ ಒಂದೇ ಎಂದಷ್ಟೇ ಅರ್ಥ. ಕಡತ ಒಳ್ಳೆಯದು ಎಂದು ಅರ್ಥವಲ್ಲ. ಈ ವ್ಯತ್ಯಾಸವನ್ನು ಎರಡು ಘಟನೆಗಳು ಎರಡು ಕಡೆಯಿಂದ ತೋರಿಸಿದವು.

2023ರ ಜನವರಿ 30ರಂದು ಗಿಟ್‌ಹಬ್ ತಾಣ ತನ್ನಲ್ಲಿನ ಗಿಟ್ ತಂತ್ರಾಂಶವನ್ನು ನವೀಕರಿಸಿತು. ತಾನಾಗಿ ತಯಾರಾಗುವ ಆಕರ ಕಡತಗಳನ್ನು ಸಂಕೋಚಿಸುವ ವಿಧಾನ ಅದರಿಂದ ಕೊಂಚ ಬದಲಾಯಿತು. ಬಿಚ್ಚಿದರೆ ಒಳಗಿನ ಆಕರ ಅಕ್ಷರವೂ ವ್ಯತ್ಯಾಸವಿಲ್ಲದೆ ಅದೇ. ಸಂಕೋಚಿತ ಕಡತದ ಬೈಟ್‌ಗಳು ಮಾತ್ರ ಬೇರೆ. ಹ್ಯಾಶ್ ತಾಳೆಯಾಗದೆ ಜಗತ್ತಿನ ಅನೇಕ ಕಡೆ ಸಂಕಲನಗಳು ನಿಂತುಹೋದವು. ಬಳಕೆದಾರರ ಪ್ರತಿಭಟನೆಯ ಬಳಿಕ ತಾಣ ಆ ಬದಲಾವಣೆಯನ್ನು ಹಿಂತೆಗೆದುಕೊಂಡಿತು. ಮೊದಲೇ ಇಳಿಸಿದ ಪ್ರತಿ ತಮ್ಮ ಸಂಗ್ರಹದಲ್ಲಿಯೋ ಮಿರರ್‌ನಲ್ಲಿಯೋ ಇದ್ದವರಿಗೆ ಇದು ತಟ್ಟಲಿಲ್ಲ. ಕಡತ ಒಳ್ಳೆಯದಿದ್ದೂ ಹ್ಯಾಶ್ ಸೋತ ಪ್ರಸಂಗ ಇದು.

2024ರ ಮಾರ್ಚ್ 29ರಂದು ಬೆಳಕಿಗೆ ಬಂದದ್ದು ಇದಕ್ಕೆ ವಿರುದ್ಧವಾದ ಪ್ರಸಂಗ. ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಲಾಗಿತ್ತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದೇಕೆಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಅಭಿವೃದ್ಧಿಕಾರರು ಅದನ್ನು ಪತ್ತೆಹಚ್ಚಿದರು. ಕಳ್ಳಬಾಗಿಲನ್ನು ಚಾಲೂ ಮಾಡುವ ಸಾಲುಗಳು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಯ ಸಂಕೋಚಿತ ಕಡತದಲ್ಲಿ ಮಾತ್ರ ಇದ್ದವು. ಎಂದರೆ, ಡಿಸ್ಟ್‌ಫೈಲ್ಸ್ ಕೋಶಕ್ಕೆ ಇಳಿಯುವ ಕಡತದಲ್ಲಿಯೇ ವಿಷವಿತ್ತು. ಅದನ್ನು ಸೇರಿಸಿದವರು ಯೋಜನೆಯ ವಿಶ್ವಾಸ ಗಳಿಸಿದ್ದ ನಿರ್ವಾಹಕರೇ ಆದ್ದರಿಂದ ಹ್ಯಾಶ್ ಚೆನ್ನಾಗಿಯೇ ತಾಳೆಯಾಗುತ್ತಿತ್ತು. ಆ ಸಂಕೇತವು ಡೆಬಿಯನ್ ಹಾಗೂ ಆರ್‌ಪಿಎಂ ಮಾದರಿಯ ಪ್ಯಾಕೇಜು ಕಟ್ಟುವಾಗ ಮಾತ್ರ ಎಚ್ಚರಗೊಳ್ಳುವಂತೆ ಬರೆಯಲ್ಪಟ್ಟಿತ್ತು. ಹಾಗಿದ್ದರೂ ಜೆಂಟೂ ಆ ಆವೃತ್ತಿಗಳನ್ನು ತಡೆಹಿಡಿದು, ಹಿಂದಿನ ಆವೃತ್ತಿಗೆ ಮರಳುವಂತೆ ಬಳಕೆದಾರರಿಗೆ ಸೂಚಿಸಿತು.

ಇತರ ವ್ಯವಸ್ಥೆಗಳಲ್ಲಿ

ಫ್ರೀಬಿಎಸ್‌ಡಿಯಲ್ಲಿ ಸಂಗ್ರಹವು ‘/ಯುಎಸ್‌ಆರ್/ಪೋರ್ಟ್ಸ್/ಡಿಸ್ಟ್‌ಫೈಲ್ಸ್’ ಎಂಬಲ್ಲಿದ್ದು, ಹ್ಯಾಶ್ ಮತ್ತು ಗಾತ್ರಗಳು ಡಿಸ್ಟ್‌ಇನ್ಫೋ ಎಂಬ ಕಡತದಲ್ಲಿರುತ್ತವೆ. ಅಲ್ಲಿ ಪೋರ್ಟ್ ಬರೆಯುವವರು ಬಯಸಿದರೆ ತಮ್ಮ ಕಡತಗಳಿಗೆ ಉಪಕೋಶವನ್ನು ಗೊತ್ತುಪಡಿಸಬಹುದು. ಹೆಸರುಗಳ ಘರ್ಷಣೆಗೆ ಅದೂ ಒಂದು ಪರಿಹಾರ. ನೆಟ್‌ಬಿಎಸ್‌ಡಿ ಯೋಜನೆಯ ಪ್ಯಾಕೇಜ್‌ಸೋರ್ಸ್ 1997ರಲ್ಲಿ ಇದೇ ಪೋರ್ಟ್ಸ್‌ನಿಂದ ಕವಲೊಡೆದದ್ದು. ಆರ್ಚ್ ಲಿನಕ್ಸ್‌ನ ಮೇಕ್‌ಪ್ಯಾಕೇಜ್ ಆಕರಗಳನ್ನು ಸಾಮಾನ್ಯವಾಗಿ ಕಟ್ಟುವ ಸ್ಥಳದಲ್ಲಿಯೇ ಇಳಿಸುತ್ತದೆ. ಎಸ್‌ಆರ್‌ಸಿಡೆಸ್ಟ್ ಎಂಬ ಚರಾಕ್ಷರವನ್ನು ಗೊತ್ತುಪಡಿಸಿದರೆ ಒಂದೆಡೆ ಕೂಡಿಡುತ್ತದೆ. ನಿಕ್ಸ್ ಇನ್ನೂ ಮುಂದೆ ಹೋಗಿ, ಆಕರ ಕಡತದ ಹ್ಯಾಶ್‌ನಿಂದಲೇ ಅದರ ಸ್ಥಳವನ್ನು ನಿರ್ಧರಿಸುತ್ತದೆ. ಒಂದೇ ಹೆಸರಿನ ಎರಡು ಕಡತಗಳು ಅಲ್ಲಿ ಜಗಳವಾಡುವುದಿಲ್ಲ.

ಹಳೆಯ ಕಡತಗಳ ಲಭ್ಯತೆ

ಒಂದು ಈಬಿಲ್ಡ್ ವೃಕ್ಷದಿಂದ ಹೊರಹೋದ ಸ್ವಲ್ಪ ಕಾಲದಲ್ಲಿ, ಅದಕ್ಕೆ ಮಾತ್ರ ಸೇರಿದ ಆಕರ ಕಡತಗಳು ಮಿರರ್‌ಗಳಿಂದಲೂ ಮರೆಯಾಗುತ್ತವೆ. ಈಬಿಲ್ಡ್‌ನ ಹಳೆಯ ಪ್ರತಿಯನ್ನು ಗಿಟ್ ಇತಿಹಾಸದಿಂದ ಹೆಕ್ಕಿ ತರಬಹುದು. ಕಡತ ಮೂಲ ತಾಣದಲ್ಲಿಯೂ ಇಲ್ಲದಿದ್ದರೆ ಆ ಈಬಿಲ್ಡ್ ನಿರುಪಯೋಗಿ. ಡೆಬಿಯನ್ ತನ್ನ ಹಳೆಯ ಪ್ಯಾಕೇಜುಗಳನ್ನೂ ಆಕರಗಳನ್ನೂ ಸ್ನ್ಯಾಪ್‌ಶಾಟ್ ಎಂಬ ಭಂಡಾರದಲ್ಲಿ 2005ರಿಂದ ಈಚಿನವುಗಳ ಮಟ್ಟಿಗೆ ಕಾಪಿಟ್ಟಿದೆ. ಫ್ರಾನ್ಸಿನ ಇನ್ರಿಯಾ ಸಂಸ್ಥೆ 2016ರಲ್ಲಿ ಸಾರ್ವಜನಿಕವಾಗಿ ಆರಂಭಿಸಿದ ಸಾಫ್ಟ್‌ವೇರ್ ಹೆರಿಟೇಜ್, ಜಗತ್ತಿನ ಬಹಿರಂಗ ಆಕರ ಸಂಕೇತವನ್ನೆಲ್ಲ ಸಂಗ್ರಹಿಸುವ ಉದ್ದೇಶದ್ದು. ಅದು ಕಾಪಾಡುವುದು ಮುಖ್ಯವಾಗಿ ಕಡತಗಳ ಒಳಗಿನ ಆಕರವನ್ನು. ಅಲ್ಲಿಂದ ಪಡೆದು ಪುನಃ ಕಟ್ಟಿದ ಸಂಕೋಚಿತ ಕಡತ ಮೂಲದ ಮ್ಯಾನಿಫೆಸ್ಟ್‌ಗೆ ತಾಳೆಯಾಗುವ ಭರವಸೆ ಇಲ್ಲ. ಹಳೆಯ ಆವೃತ್ತಿಯನ್ನೇ ಅವಲಂಬಿಸಿರುವವರು, ಉದಾಹರಣೆಗೆ ಹಳೆಯ ಯಂತ್ರವೊಂದನ್ನು ನಡೆಸುವ ಪ್ರಯೋಗಾಲಯಗಳು, ಆ ಈಬಿಲ್ಡನ್ನೂ ಅದರ ಮ್ಯಾನಿಫೆಸ್ಟನ್ನೂ ಓವರ್‌ಲೇ ಎಂಬ ಸ್ವಂತ ಉಪವೃಕ್ಷಕ್ಕೆ ನಕಲು ಮಾಡಿಕೊಂಡು, ಆಕರ ಕಡತವನ್ನು ಡಿಸ್ಟ್‌ಫೈಲ್ಸ್ ಕೋಶದ ಹೊರಗೆ ಮತ್ತೊಂದು ಡಿಸ್ಕಿನಲ್ಲಿಯೂ ಇರಿಸಿಕೊಳ್ಳುತ್ತಾರೆ.